ಅಡಾಪ್ಟೆಡ್ ದೈಹಿಕ ಶಿಕ್ಷಣದಲ್ಲಿ ಪಿಎಚ್.ಡಿ.: ಬೆಂಗಳೂರಿನಿಂದ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಆಟದ ಪೀರಿಯಡ್‌ನಲ್ಲಿ ಗಾಲಿಕುರ್ಚಿಯ ಹುಡುಗಿಯನ್ನು ಮೈದಾನದ ಅಂಚಿಗೆ ಕೂರಿಸಿ ಸ್ಕೋರ್ ಬರೆಯಲು ಹೇಳುವ ಶಾಲೆಗಳು ಇವತ್ತಿಗೂ ಇವೆ. ಚೆಂಡಿನ ಗಾತ್ರ, ಅಂಕಣದ ಅಳತೆ, ಆಟದ ನಿಯಮ, ಸೂಚನೆ ಕೊಡುವ ರೀತಿ ಇವನ್ನೆಲ್ಲ ಬದಲಿಸಿ ಅವಳನ್ನೂ ಆಟದೊಳಕ್ಕೆ ತರುವ ವಿದ್ಯೆಗೆ ಅಡಾಪ್ಟೆಡ್ ದೈಹಿಕ ಶಿಕ್ಷಣ ಎನ್ನುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರ 30ನೇ ಸೆಕ್ಷನ್ ಕ್ರೀಡೆಯಲ್ಲಿ ವಿಕಲಚೇತನರ ಪಾಲ್ಗೊಳ್ಳುವಿಕೆಯನ್ನು ಖಾತ್ರಿಪಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಕಾನೂನು ಬಂದಿದೆ, ಅದನ್ನು ತರಗತಿಗೆ ಇಳಿಸಲು ಬೇಕಾದ ಸಂಶೋಧನೆ ನಮ್ಮಲ್ಲಿ ತೀರಾ ಕಡಿಮೆ. ಆದ್ದರಿಂದಲೇ ಈ ವಿಷಯದಲ್ಲಿ ಒಳ್ಳೆಯ ಪಿಎಚ್.ಡಿ. ಪ್ರಬಂಧಗಳು ಬೇಕಾಗಿವೆ.

ಬೆಂಗಳೂರಿನಲ್ಲಿ ಈ ದಾರಿ ಹಿಡಿಯುವವರು ಹೆಚ್ಚಾಗಿ ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮುಗಿಸಿದ ಪಿ.ಟಿ. ಮೇಷ್ಟ್ರುಗಳು, ವಿಶೇಷ ಶಾಲೆಯ ತರಬೇತುದಾರರು, ಇಲ್ಲವೇ ಫಿಸಿಯೋಥೆರಪಿ ಓದಿದವರು. ಇವರಲ್ಲಿ ಬಹಳ ಮಂದಿ ಮೊದಲು ಶೀರ್ಷಿಕೆ ಹುಡುಕುತ್ತಾರೆ, ಆಮೇಲೆ ಗೈಡ್, ಕಟ್ಟಕಡೆಗೆ ಮಕ್ಕಳು ಸಿಗುವ ಶಾಲೆ. ಈ ಕ್ರಮ ತಿರುಗುಮುರುಗಾಗಬೇಕು. ಮೊದಲು ಶಾಲೆ, ಆಮೇಲೆ ಅಳತೆಯ ಸಾಧನ, ಅದಾದ ಮೇಲೆ ಗೈಡ್. ಶೀರ್ಷಿಕೆ ಕೊನೆಗೆ. ಈ ವಿಷಯದ ಪಿಎಚ್.ಡಿ. ವರ್ಷಗಟ್ಟಲೆ ಎಳೆದಾಡುವುದು ಬರವಣಿಗೆಯಲ್ಲಿ ಅಲ್ಲ. ಅನುಮತಿ ಸಿಗದೆ, ಮಕ್ಕಳ ಸಂಖ್ಯೆ ಸಾಲದೆ, ಅಳತೆ ನಂಬಲಾಗದೆ.

ಅರ್ಹತೆ ಮತ್ತು ಪ್ರವೇಶ

ದೇಶದೊಳಗಿನ ನಿಯಮ ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ. ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ವಿಕಲಚೇತನರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5 ಸಡಿಲಿಕೆ ಇದೆ. ಎಂ.ಪಿ.ಎಡ್. ಇದ್ದವರಿಗೆ ತಕರಾರಿಲ್ಲ. ಫಿಸಿಯೋಥೆರಪಿಯ ಎಂ.ಪಿ.ಟಿ. ಅಥವಾ ವಿಶೇಷ ಶಿಕ್ಷಣದ ಎಂ.ಎಡ್. ಓದಿದವರು ಮಾತ್ರ ಅರ್ಜಿ ಶುಲ್ಕ ಕಟ್ಟುವ ಮೊದಲು ಅಧಿಸೂಚನೆಯ 'ಸಂಬಂಧಿತ ವಿಷಯ' ಎಂಬ ಸಾಲನ್ನು ಓದಬೇಕು. ಅದರಲ್ಲಿ ನಿಮ್ಮ ಪದವಿಯ ಹೆಸರಿಲ್ಲದಿದ್ದರೆ ವಿಭಾಗದ ಮುಖ್ಯಸ್ಥರಿಂದ ಲಿಖಿತ ಉತ್ತರ ಪಡೆಯಿರಿ. ಕೌಂಟರಿನಲ್ಲಿ ಯಾರೋ ಬಾಯಲ್ಲಿ ಹೇಳಿದ್ದು ದಾಖಲೆ ಪರಿಶೀಲನೆಯ ದಿನ ಕೆಲಸಕ್ಕೆ ಬರುವುದಿಲ್ಲ.

2024ರ ಜೂನ್‌ನಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಫಲಿತಾಂಶ ಮೂರು ಬಗೆಯಲ್ಲಿ ಬರುತ್ತಿದೆ: ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಹಿತ, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಸಹಿತ, ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಕೊನೆಯ ಎರಡು ಬಗೆಯವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ, ಮತ್ತು ಆ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ದೈಹಿಕ ಶಿಕ್ಷಣದ ಪತ್ರಿಕೆ ಸಂಖ್ಯೆ 47. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು 100 ಪ್ರಶ್ನೆ, 200 ಅಂಕ. ಎರಡಕ್ಕೂ ಸೇರಿ ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸಿದರೆ ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ದೈಹಿಕ ಶಿಕ್ಷಣದವರು ಸಾಮಾನ್ಯವಾಗಿ ಎಡವುವುದು ಮೊದಲ ಅರ್ಧದಲ್ಲಿ. ಸಂಶೋಧನಾ ವಿನ್ಯಾಸ ಮತ್ತು ಸಂಖ್ಯಾಶಾಸ್ತ್ರಕ್ಕೆ ಹೆಚ್ಚು ಸಮಯ ಇಡಿ. ಆ ಓದು ಮುಂದೆ ಕೋರ್ಸ್ ವರ್ಕ್‌ಗೂ (ಸೇರಿದ ಮೇಲೆ ಮುಗಿಸಬೇಕಾದ ಪಾಠಗಳಿಗೂ) ಒದಗುತ್ತದೆ.

ಕೆಲಸದಲ್ಲಿರುವವರಿಗೆ ಪಾರ್ಟ್ ಟೈಮ್ ಪಿಎಚ್.ಡಿ.ಗೆ ಅವಕಾಶವಿದೆ, ದೂರಶಿಕ್ಷಣದಲ್ಲಿ ಇಲ್ಲ. ಪಾರ್ಟ್ ಟೈಮ್‌ಗೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ಅದರಲ್ಲಿ ಮೂರು ಮಾತು ಸ್ಪಷ್ಟವಾಗಿರಬೇಕು: ಪಾರ್ಟ್ ಟೈಮ್ ಓದಲು ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಕೋರ್ಸ್ ವರ್ಕ್‌ಗೆ ಅಗತ್ಯಬಿದ್ದರೆ ಬಿಡುಗಡೆ ಮಾಡುತ್ತೇವೆ. 'ನಮ್ಮ ಅಭ್ಯಂತರವಿಲ್ಲ' ಎಂಬ ಒಂದೇ ಸಾಲಿನ ಪತ್ರ ವಾಪಸ್ ಬರುತ್ತದೆ. ಸರ್ಕಾರಿ ಶಾಲೆಯ ಶಿಕ್ಷಕರು ಇಲಾಖೆಯ ಪೂರ್ವಾನುಮತಿಗೆ ಹಲವು ತಿಂಗಳು ಮೊದಲೇ ಅರ್ಜಿ ಹಾಕುವುದು ಕ್ಷೇಮ.

ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷ, ಒಟ್ಟು 10 ಮೀರುವಂತಿಲ್ಲ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಉಂಟು.

ಎಲ್ಲಿ ಸೇರುವುದು, ಯಾರ ಕೈಕೆಳಗೆ

ನಗರದಲ್ಲಿ ದೈಹಿಕ ಶಿಕ್ಷಣ ಎಂದರೆ ಮೊದಲು ನೆನಪಿಗೆ ಬರುವುದು ಜ್ಞಾನಭಾರತಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಕಾಲೇಜು. ಅದೇ ಮಗ್ಗುಲಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರವೂ ಇದೆ. ರಾಜ್ಯದೊಳಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಗಳಲ್ಲೂ ದೈಹಿಕ ಶಿಕ್ಷಣ ವಿಭಾಗಗಳಿವೆ. ಇಂಥ ಕಡೆ ಪದವಿ ಪತ್ರದಲ್ಲಿ ಬರುವುದು ದೈಹಿಕ ಶಿಕ್ಷಣ ಎಂದೇ. ಅಡಾಪ್ಟೆಡ್ ಎಂಬುದು ನಿಮ್ಮ ಪ್ರಬಂಧದ ವಿಷಯವಾಗಿರುತ್ತದೆ. ಹೆಸರಲ್ಲೇ ಅದು ಇರಬೇಕೆಂದರೆ ಕೊಯಮತ್ತೂರಿಗೆ ಹೋಗಬೇಕು. ರಾಮಕೃಷ್ಣ ಮಿಷನ್ ವಿವೇಕಾನಂದ ಶಿಕ್ಷಣ ಸಂಸ್ಥೆಯಲ್ಲಿ ಸಾಮಾನ್ಯ ಮತ್ತು ಅಡಾಪ್ಟೆಡ್ ದೈಹಿಕ ಶಿಕ್ಷಣ ಹಾಗೂ ಯೋಗಕ್ಕೆಂದೇ ಒಂದು ನಿಕಾಯ ಇದೆ. ಗ್ವಾಲಿಯರ್‌ನ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆ 1957ರಿಂದ ಇರುವ ಹಳೆಯ ಮನೆ. ವಿಕಲಚೇತನರ ಕ್ರೀಡೆಗೆಂದೇ ಕಟ್ಟಿದ ರಾಷ್ಟ್ರೀಯ ತರಬೇತಿ ಕೇಂದ್ರವೂ ಅದೇ ಊರಿನಲ್ಲಿದೆ.

ಗೈಡ್ ಆಯ್ಕೆಯಲ್ಲಿ ಎರಡು ಲೆಕ್ಕ ಮೊದಲೇ ಹಾಕಿ. ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸೀಟು ಖಾಲಿ ಇದೆಯೇ, ಸೇವಾವಧಿ ಎಷ್ಟಿದೆ ಎಂದು ಕೇಳುವುದು ಉದ್ಧಟತನವಲ್ಲ. ಕೇಳದೆ ಸೇರಿ ಅರ್ಧ ದಾರಿಯಲ್ಲಿ ಗೈಡ್ ಬದಲಿಸಬೇಕಾಗಿ ಬಂದರೆ ಇಬ್ಬರಿಗೂ ಕಷ್ಟ.

ಗೈಡ್ ದೈಹಿಕ ಶಿಕ್ಷಣದಲ್ಲಿ ಪಳಗಿದವರಾಗಿದ್ದು ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿಯ ಪರಿಚಯ ಇಲ್ಲದವರಾಗಿದ್ದರೆ ಹೆದರಬೇಕಿಲ್ಲ. ನಿಯಮಾವಳಿ ಬೇರೆ ವಿಭಾಗದ, ಬೇರೆ ಸಂಸ್ಥೆಯ ಸಹ ಮಾರ್ಗದರ್ಶಕರಿಗೆ ಅವಕಾಶ ಕೊಟ್ಟಿದೆ. ಮಕ್ಕಳ ನರವಿಜ್ಞಾನ, ಫಿಸಿಯೋಥೆರಪಿ, ವಿಶೇಷ ಶಿಕ್ಷಣ, ಶ್ರವಣ ವಿಜ್ಞಾನ ಬಲ್ಲವರು ಬೆಂಗಳೂರು, ಮೈಸೂರುಗಳಲ್ಲಿ ಧಾರಾಳವಾಗಿದ್ದಾರೆ. ಹೀಗೆ ಇಬ್ಬರು ಜೊತೆಗೂಡಿ ನೋಡಿಕೊಂಡ ಪ್ರಬಂಧ ಸಾಮಾನ್ಯವಾಗಿ ಗಟ್ಟಿಯಾಗಿ ಬರುತ್ತದೆ. ಸಹ ಮಾರ್ಗದರ್ಶಕರ ಹೆಸರನ್ನು ಸಿನಾಪ್ಸಿಸ್ (ಸಂಶೋಧನಾ ಯೋಜನೆಯ ಸಾರ) ಹಂತದಲ್ಲೇ ಸೇರಿಸಿ. ಆಮೇಲೆ ಸೇರಿಸಲು ಹೊರಟರೆ ಕಡತ ಮತ್ತೆ ಎಲ್ಲ ಮೇಜು ಸುತ್ತಬೇಕು.

ಶಾಲೆ ಮೊದಲು

ನೋಂದಣಿಗೆ ಒಂದು ವರ್ಷ ಮುಂಚೆಯೇ ವಾರಕ್ಕೆ ಅರ್ಧ ದಿನ ಯಾವುದಾದರೂ ವಿಶೇಷ ಶಾಲೆಯಲ್ಲಿ ಸ್ವಯಂಸೇವೆ ಮಾಡಿ. 1959ರಿಂದ ಕೆಲಸ ಮಾಡುತ್ತಿರುವ ಲಿಂಗರಾಜಪುರದ ಎ.ಪಿ.ಡಿ. (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಜೆ.ಪಿ. ನಗರದ ರಮಣ ಮಹರ್ಷಿ ಅಂಧರ ಅಕಾಡೆಮಿ, ಅಂಧರ ಕ್ರಿಕೆಟ್ ಕಟ್ಟಿ ಬೆಳೆಸಿದ ಸಮರ್ಥನಂ, ಸ್ಪೆಷಲ್ ಒಲಿಂಪಿಕ್ಸ್ ಭಾರತ್‌ನ ಕರ್ನಾಟಕ ಘಟಕ: ಹೀಗೆ ವೈಕಲ್ಯದ ಬಗೆಗೊಂದರಂತೆ ಸಂಸ್ಥೆಗಳು ನಗರದಲ್ಲೇ ಇವೆ. ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಓದುವ ವಿಕಲಚೇತನ ಮಕ್ಕಳ ಬಗ್ಗೆ ಕೆಲಸ ಮಾಡಬೇಕೆಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಬಿ.ಐ.ಇ.ಆರ್.ಟಿ. (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರನ್ನು ಕಾಣಿ. ಯಾವ ಶಾಲೆಯಲ್ಲಿ ಯಾವ ಮಗು ಇದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಸ್ವಯಂಸೇವೆಯ ಆ ದಿನಗಳಲ್ಲಿ ಇವಿಷ್ಟನ್ನು ನೋಡಿಕೊಳ್ಳಿ. ನಿಮಗೆ ಬೇಕಾದ ವಯಸ್ಸಿನ, ಬೇಕಾದ ವೈಕಲ್ಯದ ಮಕ್ಕಳು ಹಾಜರಿ ಪುಸ್ತಕದಲ್ಲಿ ಎಷ್ಟು, ನಿಜವಾಗಿ ಬರುವವರು ಎಷ್ಟು. ಶಾಲಾ ವ್ಯಾನ್ ಎಷ್ಟು ಹೊತ್ತಿಗೆ ಬರುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮೊದಲ ಪೀರಿಯಡ್ ಆಗಾಗ ಹಾಳಾಗುತ್ತಿದ್ದರೆ ನಿಮ್ಮ ತರಗತಿಯನ್ನು ಎರಡನೆಯದಕ್ಕೆ ಇಟ್ಟುಕೊಳ್ಳಿ. ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವ ಮಕ್ಕಳು ಯಾವ ಹೊತ್ತಿನಲ್ಲಿ ಮಂಕಾಗಿರುತ್ತಾರೆ. ಕಡತದಲ್ಲಿರುವ ಬುದ್ಧಿಮಟ್ಟದ, ಸಾಮಾಜಿಕ ಪ್ರೌಢತೆಯ ವರದಿ ಯಾವ ವರ್ಷದ್ದು. ಬಿನೆ–ಕಾಮತ್ (ಬುದ್ಧಿಮಟ್ಟದ ಪರೀಕ್ಷೆ) ಅಥವಾ ವೈನ್‌ಲ್ಯಾಂಡ್ (ಸಾಮಾಜಿಕ ಪ್ರೌಢತೆಯ ಅಳತೆ) ವರದಿ ಐದಾರು ವರ್ಷ ಹಳೆಯದಾಗಿದ್ದರೆ ಪ್ರಬಂಧಕ್ಕೆ ಅದು ಸಾಲದು, ಹೊಸದಾಗಿ ಮಾಡಿಸಲು ಮನೋವಿಜ್ಞಾನಿಯ ಸಮಯ ಬೇಕಾಗುತ್ತದೆ.

ಜಾಗದ ಅಳತೆಯನ್ನೂ ಟೇಪ್ ಹಿಡಿದು ತೆಗೆಯಿರಿ. ಬಾಡಿಗೆ ಕಟ್ಟಡದಲ್ಲಿ, 30×40 ಅಥವಾ 40×60 ಸೈಟಿನಲ್ಲಿ ನಡೆಯುವ ಶಾಲೆಗಳು ನಮ್ಮಲ್ಲಿ ಬಹಳ. ಮುಂದೆ ಹೇಳುವ ಪರೀಕ್ಷೆಯ ಓಟಕ್ಕೇ 60 ಅಡಿ ಅಡೆತಡೆ ಇಲ್ಲದ ಜಾಗ ಬೇಕು. ಹತ್ತಿರದ ಪಾಲಿಕೆ ಆಟದ ಮೈದಾನ ಬಳಸುವುದಾದರೆ ಅದಕ್ಕೂ ಪತ್ರ, ಮಕ್ಕಳನ್ನು ರಸ್ತೆ ದಾಟಿಸಲು ಆಯಾಗಳು, ಗಾಲಿಕುರ್ಚಿ ಇಳಿಯುವ ಗೇಟು ಎಲ್ಲವೂ ಯೋಜನೆಯಲ್ಲಿರಬೇಕು.

ವಿಷಯ ಮತ್ತು ವಿನ್ಯಾಸ

ಶೀರ್ಷಿಕೆ ಇಡುವ ಮುನ್ನ ಶೋಧಗಂಗಾದಲ್ಲಿ (ಭಾರತದ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರ) ಹುಡುಕಿ. 'ಬೌದ್ಧಿಕ ವೈಕಲ್ಯದ ಬಾಲಕರ ಮೇಲೆ ಹನ್ನೆರಡು ವಾರಗಳ ಯೋಗದ ಪರಿಣಾಮ' ಎಂಬ ಧಾಟಿಯ ಪ್ರಬಂಧಗಳು ಸಾಲುಗಟ್ಟಿ ಕಾಣುತ್ತವೆ. ಎರಡು ಗುಂಪು, ಮೊದಲು ಒಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ, ಸರಾಸರಿಗಳನ್ನು ಹೋಲಿಸುವ ಟಿ–ಟೆಸ್ಟ್, 'ಗಣನೀಯ ಸುಧಾರಣೆ ಕಂಡುಬಂದಿದೆ'. ಅಂಥದ್ದೇ ಮತ್ತೊಂದನ್ನು ಬರೆಯಲು ಮೂರು ನಾಲ್ಕು ವರ್ಷ ಕಳೆಯಬೇಡಿ. ಸಾಮಾನ್ಯ ಶಾಲೆಯ ಪಿ.ಟಿ. ಶಿಕ್ಷಕರು ತಮ್ಮ ತರಗತಿಯ ಒಬ್ಬ ಆಟಿಸಂ ಮಗುವನ್ನು ಹೇಗೆ ಒಳಗೊಳ್ಳುತ್ತಾರೆ, ದೃಷ್ಟಿದೋಷದ ಹೆಣ್ಣುಮಕ್ಕಳು ಹೈಸ್ಕೂಲಿಗೆ ಬಂದಮೇಲೆ ಆಟ ಬಿಡುವುದು ಏಕೆ, ಒಂದು ಅಂತರರಾಷ್ಟ್ರೀಯ ಪರೀಕ್ಷೆ ಕನ್ನಡ ಮಾತಾಡುವ ಮಕ್ಕಳಲ್ಲಿ ಎಷ್ಟು ನಂಬಲರ್ಹ: ಇವೆಲ್ಲ ಉತ್ತರ ಬೇಕಾದ ಪ್ರಶ್ನೆಗಳು. ಮೂರನೆಯದನ್ನು ನಾವು ವಿಶೇಷವಾಗಿ ಶಿಫಾರಸು ಮಾಡುತ್ತೇವೆ. ಅದನ್ನು ಒಬ್ಬರು ಸರಿಯಾಗಿ ಮಾಡಿದರೆ ಮುಂದಿನವರಿಗೆಲ್ಲ ದಾರಿಯಾಗುತ್ತದೆ.

ತರಬೇತಿಯ ಪರಿಣಾಮವನ್ನೇ ನೋಡಬೇಕೆಂದಿದ್ದರೆ ಮೊದಲು ಸಂಖ್ಯೆಯ ಲೆಕ್ಕ. ಎರಡು ಗುಂಪುಗಳ ನಡುವೆ ಮಧ್ಯಮ ಪ್ರಮಾಣದ ವ್ಯತ್ಯಾಸವನ್ನು, ಅಂದರೆ ಮಾನಕ ವಿಚಲನೆಯ (ಅಂಕಗಳ ಹರಡಿಕೆಯ ಅಳತೆ) 0.5ರಷ್ಟು ಪರಿಣಾಮವನ್ನು, ನೂರರಲ್ಲಿ 80 ಸಲ ತಪ್ಪದೆ (ಶೇ 80ರ ಸಾಮರ್ಥ್ಯ) ಹಿಡಿಯಲು ಗುಂಪಿಗೆ 64 ಮಕ್ಕಳು ಬೇಕು. 0.8ರ ದೊಡ್ಡ ವ್ಯತ್ಯಾಸಕ್ಕೂ 26 ಬೇಕು. ಗುಂಪಿಗೆ 15 ಮಕ್ಕಳನ್ನಿಟ್ಟುಕೊಂಡವರು ಒಂದನ್ನೂ ಮೀರಿದ ಪರಿಣಾಮ ಇದ್ದರೆ ಮಾತ್ರ ಅದನ್ನು ನಂಬಿಕೆಯಿಂದ ಹಿಡಿಯಬಲ್ಲರು. ಮೊದಲ ಪರೀಕ್ಷೆಯ ಅಂಕವನ್ನು ಸಹಚರವಾಗಿ (ಲೆಕ್ಕದಲ್ಲಿ ಸರಿದೂಗಿಸುವ ಅಂಶವಾಗಿ) ಸೇರಿಸಿ ಆಂಕೋವಾ ಎಂಬ ವಿಶ್ಲೇಷಣೆ ಮಾಡಿದರೆ ಹೊರೆ ಇಳಿಯುತ್ತದೆ: ಮೊದಲ ಮತ್ತು ಕೊನೆಯ ಅಂಕಗಳ ಸಹಸಂಬಂಧ 0.7 ಇದ್ದರೆ 64ರ ಬದಲು ಸುಮಾರು 33 ಸಾಕು. ಜಿ–ಪವರ್ ಎಂಬ ಉಚಿತ ತಂತ್ರಾಂಶದಲ್ಲಿ ಹತ್ತು ನಿಮಿಷದ ಕೆಲಸ ಇದು. ಸಿನಾಪ್ಸಿಸ್‌ನಲ್ಲಿ ಈ ಲೆಕ್ಕ ಕಾಣಿಸಿದರೆ ಸಮಿತಿಯ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಒಂದು ಶಾಲೆಯ ಮಕ್ಕಳಿಗೆ ತರಬೇತಿ, ಇನ್ನೊಂದು ಶಾಲೆಯವರು ನಿಯಂತ್ರಣ ಗುಂಪು ಎಂಬ ವಿನ್ಯಾಸ ಬೇಡ. ಕೊನೆಗೆ ಕಾಣುವ ವ್ಯತ್ಯಾಸ ತರಬೇತಿಯದೋ, ಆ ಶಾಲೆಯ ಮೇಡಂನದೋ ಹೇಳಲಾಗುವುದಿಲ್ಲ. ಒಂದೇ ಶಾಲೆಯೊಳಗೆ ಚೀಟಿ ಎತ್ತಿ ಎರಡು ಗುಂಪು ಮಾಡಿ, ಎರಡನೆಯ ಗುಂಪಿಗೆ ಅಧ್ಯಯನ ಮುಗಿದ ಮೇಲೆ ಅದೇ ತರಬೇತಿ ಕೊಡಿ. ಮೊದಲ ಗುಂಪಿನ ಆಟವನ್ನು ಉಳಿದವರು ನೋಡಿ ಕಲಿಯದಂತೆ ಜಾಗ ಮತ್ತು ಹೊತ್ತನ್ನು ಬೇರ್ಪಡಿಸಬೇಕು.

ಡೌನ್ ಸಿಂಡ್ರೋಮ್, ಆಟಿಸಂ, ಕಾರಣ ಗೊತ್ತಿಲ್ಲದ ಬೌದ್ಧಿಕ ವೈಕಲ್ಯ ಮೂರನ್ನೂ ಒಟ್ಟಿಗೆ ಹಾಕಿ ಸರಾಸರಿ ತೆಗೆದರೆ ಆ ಸರಾಸರಿ ಯಾವ ಮಗುವಿನದೂ ಆಗಿರುವುದಿಲ್ಲ. ಸೆರೆಬ್ರಲ್ ಪಾಲ್ಸಿಯಲ್ಲಂತೂ ಜಿ.ಎಂ.ಎಫ್.ಸಿ.ಎಸ್. ಎಂಬ, ಓಡಾಟದ ಸಾಮರ್ಥ್ಯದ ಐದು ಮಟ್ಟಗಳ ವರ್ಗೀಕರಣ ನಮೂದಿಸದ ಪ್ರಬಂಧವನ್ನು ಹೊರಗಿನ ಪರೀಕ್ಷಕರು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಒಂದೇ ಬಗೆಯ ಮಕ್ಕಳು ಐದಾರು ಮಂದಿಯಷ್ಟೇ ಸಿಕ್ಕರೂ ದಾರಿಯಿದೆ. ಏಕ ವ್ಯಕ್ತಿ ವಿನ್ಯಾಸದಲ್ಲಿ ಕನಿಷ್ಠ ಮೂವರು ಮಕ್ಕಳನ್ನು ತೆಗೆದುಕೊಂಡು, ತರಬೇತಿಗೆ ಮುಂಚಿನ ಹಂತದಲ್ಲೂ ತರಬೇತಿಯ ಹಂತದಲ್ಲೂ ತಲಾ ಐದಕ್ಕೆ ಕಡಿಮೆ ಇಲ್ಲದಷ್ಟು ಬಾರಿ ಅಳೆದು, ಒಬ್ಬೊಬ್ಬರಿಗೆ ಬೇರೆ ಬೇರೆ ವಾರದಲ್ಲಿ ತರಬೇತಿ ಶುರುಮಾಡುತ್ತಾರೆ. ಅಡಾಪ್ಟೆಡ್ ದೈಹಿಕ ಶಿಕ್ಷಣಕ್ಕೆ ಚೆನ್ನಾಗಿ ಒಗ್ಗುವ ಈ ವಿಧಾನವನ್ನು ನಮ್ಮ ವಿಭಾಗಗಳು ಇನ್ನೂ ಹೆಚ್ಚು ಬಳಸಬೇಕು.

ಅಳತೆ ಕೈಕೊಡುವ ಜಾಗಗಳು

ಮೂರರಿಂದ ಹತ್ತು ವರ್ಷ ಹನ್ನೊಂದು ತಿಂಗಳವರೆಗಿನ ಮಕ್ಕಳ ಮೂಲ ಚಲನ ಕೌಶಲಗಳಿಗೆ ಟಿ.ಜಿ.ಎಂ.ಡಿ.–3 ಎಂಬ ಪರೀಕ್ಷೆ ಹೆಚ್ಚು ಬಳಕೆಯಲ್ಲಿದೆ. ಓಟ, ಗ್ಯಾಲಪ್ (ಒಂದೇ ಕಾಲು ಮುಂದಿಟ್ಟು ನೆಗೆಯುತ್ತ ಸಾಗುವುದು), ಒಂಟಿಕಾಲಲ್ಲಿ ಕುಪ್ಪಳಿಸುವುದು, ಸ್ಕಿಪ್ (ಕಾಲು ಬದಲಿಸುತ್ತ ಕುಪ್ಪಳಿಸುವುದು), ಉದ್ದ ಜಿಗಿತ, ಪಕ್ಕಕ್ಕೆ ಜಾರುನಡೆ ಎಂಬ ಆರಕ್ಕೆ 46 ಅಂಕ. ಹೊಡೆಯುವುದು, ಪುಟಿಸುವುದು, ಹಿಡಿಯುವುದು, ಒದೆಯುವುದು, ಎಸೆಯುವುದು ಸೇರಿದ ಏಳು ಚೆಂಡಿನ ಕೌಶಲಗಳಿಗೆ 54. ಒಟ್ಟು 100. ಹತ್ತರಿಂದ ಹದಿನೇಳು ವರ್ಷದವರ ದೈಹಿಕ ಸಾಮರ್ಥ್ಯಕ್ಕೆ 27 ಅಂಶಗಳಿರುವ ಬ್ರಾಕ್‌ಪೋರ್ಟ್ ಪರೀಕ್ಷೆ ಇದೆ. ಅಷ್ಟನ್ನೂ ಮಾಡಿಸುವುದಿಲ್ಲ, ವೈಕಲ್ಯಕ್ಕೆ ತಕ್ಕಂತೆ ಕೆಲವನ್ನು ಆರಿಸಿಕೊಳ್ಳುತ್ತಾರೆ. ಎರಡರ ಮಾನದಂಡಗಳೂ ಅಮೆರಿಕದ ಮಕ್ಕಳಿಂದ ಬಂದವು. ಆದ್ದರಿಂದ ನಮ್ಮ ಮಗುವನ್ನು ಅಲ್ಲಿನ ಪರ್ಸೆಂಟೈಲ್‌ಗೆ (ನೂರರಲ್ಲಿ ಎಷ್ಟನೆಯ ಸ್ಥಾನ ಎಂಬ ಅಳತೆಗೆ) ಹೋಲಿಸಿ 'ಹಿಂದುಳಿದಿದೆ' ಎಂದು ಬರೆಯುವುದು ತಪ್ಪಾಗುತ್ತದೆ. ಕಚ್ಚಾ ಅಂಕವನ್ನೇ ಬಳಸಿ, ಅದೇ ಮಗುವಿನ ಹಿಂದಿನ ಅಂಕಕ್ಕೆ ಹೋಲಿಸಿ.

ಓಟ ಒಂದನ್ನೇ ನೋಡೋಣ. 60 ಅಡಿ ಖಾಲಿ ಜಾಗ, 50 ಅಡಿ ಅಂತರದಲ್ಲಿ ಎರಡು ಕೋನ್. ನೀವು ಮೊದಲು ಓಡಿ ತೋರಿಸುತ್ತೀರಿ, ಮಗು ಒಮ್ಮೆ ಅಭ್ಯಾಸ ಮಾಡುತ್ತದೆ, ಆಮೇಲೆ ಲೆಕ್ಕಕ್ಕೆ ಬರುವ ಎರಡು ಓಟ. ಗಮನಿಸಬೇಕಾದ್ದು ನಾಲ್ಕು: ಮೊಣಕೈ ಮಡಚಿ ಕೈ–ಕಾಲು ಎದುರುಬದುರಾಗಿ ಚಲಿಸುತ್ತವೆಯೇ, ಎರಡೂ ಪಾದ ಒಂದು ಕ್ಷಣ ನೆಲ ಬಿಡುತ್ತವೆಯೇ, ಪಾದ ಕಿರಿದಾದ ಗೆರೆಯಲ್ಲಿ ಹಿಮ್ಮಡಿ ಅಥವಾ ಬೆರಳ ಮೇಲೆ ಊರುತ್ತದೆಯೇ, ಹಿಂದಿನ ಕಾಲು ಸುಮಾರು 90 ಡಿಗ್ರಿ ಮಡಚಿ ಪೃಷ್ಠದ ಹತ್ತಿರ ಬರುತ್ತದೆಯೇ. ಇದ್ದರೆ 1, ಇಲ್ಲದಿದ್ದರೆ 0. ಎರಡು ಓಟಕ್ಕೆ ಒಟ್ಟು 8. ಕಣ್ಣಳತೆಯಲ್ಲಿ ಅಂಕ ಹಾಕಿದರೆ ಎರಡನೆಯ ಅಂಶ, ಅಂದರೆ ನೆಲ ಬಿಡುವುದು, ಹೆಚ್ಚಾಗಿ ತಪ್ಪುತ್ತದೆ. ಟ್ರೈಪಾಡ್ ಮೇಲೆ ಮೊಬೈಲ್ ಇಟ್ಟು, ಓಟದ ದಾರಿಗೆ ಅಡ್ಡಲಾಗಿ, ಪಾದ ಪೂರ್ತಿ ಕಾಣುವ ಹಾಗೆ ವಿಡಿಯೊ ತೆಗೆಯಿರಿ. ಆಮೇಲೆ ನಿಧಾನಗತಿಯಲ್ಲಿ ನೋಡಿ ಅಂಕ ಹಾಕಿ. ಎದುರಿನಿಂದ ತೆಗೆದ ವಿಡಿಯೊದಲ್ಲಿ ನಾಲ್ಕನೆಯ ಅಂಶ ಕಾಣುವುದಿಲ್ಲ.

ಅಂಕ ಹಾಕುವವರು ಇಬ್ಬರಿರಬೇಕು. ಯಾವ ಮಗು ಯಾವ ಗುಂಪು, ಯಾವ ವಿಡಿಯೊ ಮೊದಲಿನದು ಯಾವುದು ಕೊನೆಯದು ಎಂಬುದು ಅವರಿಗೆ ಗೊತ್ತಿರಬಾರದು. ಮುಖ್ಯ ಅಧ್ಯಯನಕ್ಕೆ ಮೊದಲು ಕೆಲವು ಮಕ್ಕಳ ವಿಡಿಯೊಗಳಲ್ಲಿ ಇಬ್ಬರ ಅಂಕ ಹೋಲಿಸಿ. ಇಬ್ಬರ ಅಂಕ ಎಷ್ಟು ಹೊಂದುತ್ತದೆ ಎಂದು ಹೇಳುವ ಐ.ಸಿ.ಸಿ. ಮೌಲ್ಯ 0.75ಕ್ಕಿಂತ ಕೆಳಗಿದ್ದರೆ ಮತ್ತೆ ತರಬೇತಿ, 0.9 ಮುಟ್ಟಿದರೆ ಒಳ್ಳೆಯದು. ತರಬೇತಿ ಕೊಟ್ಟವರೇ ಅಂಕವನ್ನೂ ಹಾಕುವುದು ಈ ಕ್ಷೇತ್ರದ ದೊಡ್ಡ ದೋಷ.

ಭಾಷೆಯ ವಿಚಾರ ಮರೆಯುವಂತಿಲ್ಲ. ಬೆಂಗಳೂರಿನ ಒಂದೇ ತರಗತಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳಿರುತ್ತಾರೆ. 'ಸ್ಕಿಪ್ ಮಾಡು' ಎಂಬ ಸೂಚನೆ ಅರ್ಥವಾಗದ ಮಗು ಸೊನ್ನೆ ಪಡೆದರೆ ನೀವು ಅಳೆದದ್ದು ಭಾಷೆಯನ್ನು. ಸೂಚನೆಗಳನ್ನು ಅನುವಾದಿಸಿ, ಬೇರೊಬ್ಬರಿಂದ ಮರು ಅನುವಾದ ಮಾಡಿಸಿ ಸರಿನೋಡಿ. ಆಟಿಸಂ ಮಕ್ಕಳಿಗೆ ಪ್ರತಿ ಕೌಶಲಕ್ಕೆ ಚಿತ್ರದ ಕಾರ್ಡು ತೋರಿಸಿ. ಕಿವುಡ ಮಕ್ಕಳಿಗೆ ಸೀಟಿ ಬದಲು ಬಾವುಟ ಬೇಕು, ಸಂಜ್ಞಾಭಾಷೆ ಬಲ್ಲವರು ಪಕ್ಕದಲ್ಲಿರಬೇಕು. ಇದೆಲ್ಲ ಎಲ್ಲರಿಗೂ ಒಂದೇ ರೀತಿ ಇರಬೇಕು, ಮತ್ತು ವಿಧಾನದ ಅಧ್ಯಾಯದಲ್ಲಿ ಬರೆದಿರಬೇಕು.

ಅನುಮತಿಗಳು

ಬಹಳ ಜನ ಗಮನಿಸದ ಒಂದು ನಿಯಮ 2016ರ ಕಾಯ್ದೆಯ 6ನೇ ಸೆಕ್ಷನ್‌ನಲ್ಲಿದೆ. ವಿಕಲಚೇತನರನ್ನು ಸಂಶೋಧನೆಗೆ ಒಳಪಡಿಸಲು ಅವರಿಗೆ ತಿಳಿಯುವ ರೂಪದಲ್ಲಿ ವಿವರಿಸಿ ಪಡೆದ ಸ್ವತಂತ್ರ ಒಪ್ಪಿಗೆ ಬೇಕು. ಜೊತೆಗೆ ಸರ್ಕಾರ ರಚಿಸಿದ ವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ ಬೇಕು. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಸ್ಥೆಗಳವರೇ ಆಗಿರಬೇಕು. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಇದಕ್ಕೆ ಬದಲಿ ಆಗುವುದಿಲ್ಲ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಿನಾಪ್ಸಿಸ್ ಒಪ್ಪಿಗೆಯಾದ ವಾರದಲ್ಲೇ ಇದನ್ನು ಶುರುಮಾಡಬೇಕು.

ಮಕ್ಕಳ ವಿಚಾರದಲ್ಲಿ ಐ.ಸಿ.ಎಂ.ಆರ್.ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಪೋಷಕರ ಸಹಿಯ ಜೊತೆಗೆ 7ರಿಂದ 11 ವರ್ಷದವರಿಂದ ಬಾಯಿಮಾತಿನ, 12ರಿಂದ 18ರವರಿಂದ ಬರಹದ ಸಮ್ಮತಿ ಬೇಕು. ಮಾತು ಬಾರದ ಮಗು ಆ ದಿನ ಕೈ ಬಿಡಿಸಿಕೊಂಡು ಹೋದರೆ ಅದನ್ನೂ 'ಬೇಡ' ಎಂದೇ ತಿಳಿಯಬೇಕು. ವಿಡಿಯೊಗೆ ಪ್ರತ್ಯೇಕ ಒಪ್ಪಿಗೆ ಪತ್ರ ಇರಲಿ. ತರಬೇತಿ ಅಧ್ಯಯನವನ್ನು ಮೊದಲ ಮಗುವನ್ನು ಸೇರಿಸಿಕೊಳ್ಳುವ ಮುನ್ನವೇ ಸಿ.ಟಿ.ಆರ್.ಐ. ಎಂಬ ರಾಷ್ಟ್ರೀಯ ನೋಂದಣಿ ತಾಣದಲ್ಲಿ ನೋಂದಾಯಿಸಿ. 2018ರ ಏಪ್ರಿಲ್‌ನಿಂದ ಅಲ್ಲಿ ಹಿಂದಿನ ದಿನಾಂಕದ ನೋಂದಣಿ ನಡೆಯುವುದಿಲ್ಲ, ನೋಂದಣಿ ಇಲ್ಲದ ಅಧ್ಯಯನವನ್ನು ಒಳ್ಳೆಯ ನಿಯತಕಾಲಿಕೆಗಳು ಓದದೆಯೇ ಹಿಂದಿರುಗಿಸುತ್ತವೆ. ಸರ್ಕಾರಿ ಶಾಲೆಯಾದರೆ ಡಿಡಿಪಿಐ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಪತ್ರ ಬೇಕು. ತರಬೇತಿ ನಡೆಯುವಾಗ ಶಾಲೆಯವರೊಬ್ಬರು ಸದಾ ಜೊತೆಗಿರಬೇಕು, ಬಟ್ಟೆ ಬದಲಿಸುವುದು ಮತ್ತು ಶೌಚದ ಕೆಲಸ ಶಾಲೆಯ ಆಯಾಗಳದ್ದೇ. ಮಕ್ಕಳ ಸುರಕ್ಷತೆಗೂ ನಿಮ್ಮ ರಕ್ಷಣೆಗೂ ಇದು ಅಗತ್ಯ.

ಸುರಕ್ಷತೆಯ ತಪಾಸಣೆ

ತರಬೇತಿಗೆ ಮುನ್ನ ಪ್ರತಿ ಮಗುವಿಗೆ ವೈದ್ಯರ ಪತ್ರ ಬೇಕು, ಅದರಲ್ಲಿ ನಿರ್ದಿಷ್ಟ ಪ್ರಶ್ನೆಗಳಿರಬೇಕು. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೊದಲ ಎರಡು ಮೂಳೆಗಳ ಕೀಲು ಸಡಿಲವಾಗಿರುತ್ತದೆ. ಅಂಥವರಿಗೆ ಮುಂದಕ್ಕೆ ಲಾಗ, ಶೀರ್ಷಾಸನ, ಡೈವಿಂಗ್ ಅಪಾಯ. ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ, ಕುತ್ತಿಗೆ ನೋವು ಬಂದರೆ ಆ ಕ್ಷಣವೇ ನಿಲ್ಲಿಸಿ. ಇವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ತೊಂದರೆ ಇರುವುದರಿಂದ ಹೃದಯದ ವರದಿಯನ್ನೂ ಕೇಳಿ. ಗರಿಷ್ಠ ಹೃದಯ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಸೂತ್ರ ಇವರಿಗೆ ಹೊಂದುವುದಿಲ್ಲ, ಇವರ ಬಡಿತ ಅದಕ್ಕಿಂತ ಕಡಿಮೆ ಇರುತ್ತದೆ. ಎದೆಯ ಆರನೇ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಬೆನ್ನುಹುರಿ ಪೆಟ್ಟಾದವರಿಗೂ ಆ ಸೂತ್ರ ಸಲ್ಲದು. ಅವರಲ್ಲಿ ರಕ್ತದೊತ್ತಡ ಒಮ್ಮೆಲೇ ಏರಬಹುದು. ಆಗ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ–ಪಟ್ಟಿ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ, ಆಂಬುಲೆನ್ಸ್ ಕರೆಯಿರಿ. ಡುಶೇನ್ ಸ್ನಾಯುಕ್ಷಯದ ಬಾಲಕರಿಗೆ ಇಳಿಜಾರಿನ ಓಟ, ಎತ್ತಿದ ಭಾರವನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಕೂಡದು. ತೀವ್ರ ಸಮೀಪದೃಷ್ಟಿ ಇರುವವರಿಗೆ ಅಕ್ಷಿಪಟ ಕಳಚುವ ಭಯವಿರುವುದರಿಂದ ಜಿಗಿತ ಮತ್ತು ಉಸಿರು ಬಿಗಿಹಿಡಿದು ಭಾರ ಎತ್ತುವುದಕ್ಕೆ ಕಣ್ಣಿನ ವೈದ್ಯರ ಒಪ್ಪಿಗೆ ಬೇಕು. ಫಿಟ್ಸ್ ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂರ್ಛೆರೋಗ ಇರುವ ಮಗು ಈಜುಕೊಳದಲ್ಲಿದ್ದಾಗ ಒಬ್ಬರು ಅದರ ಮೇಲೇ ಕಣ್ಣಿಟ್ಟಿರಬೇಕು.

ವರ್ಷದ ಲೆಕ್ಕ

ಕೋರ್ಸ್ ವರ್ಕ್ 12 ಕ್ರೆಡಿಟ್‌ಗೆ ಕಡಿಮೆ ಇರುವುದಿಲ್ಲ, ಉತ್ತೀರ್ಣಕ್ಕೆ ಶೇ 55 ಬೇಕು, ಸಂಶೋಧನಾ ನೈತಿಕತೆಯ ಎರಡು ಕ್ರೆಡಿಟ್ ಕಡ್ಡಾಯ. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಇಡಬೇಕು. ಇವು ತಮ್ಮಷ್ಟಕ್ಕೆ ನಡೆಯುತ್ತವೆ. ತಲೆ ಕೆಡಿಸಿಕೊಳ್ಳಬೇಕಾದ್ದು ಶಾಲಾ ಕ್ಯಾಲೆಂಡರಿನ ಬಗ್ಗೆ. ಹನ್ನೆರಡು ವಾರ, ವಾರಕ್ಕೆ ಮೂರು ದಿನ, 40 ನಿಮಿಷ ಎಂದರೆ 36 ತರಗತಿ. ಇಷ್ಟು ಅಡೆತಡೆಯಿಲ್ಲದೆ ಸಿಗುವ ಕಿಟಕಿಗಳು ವರ್ಷಕ್ಕೆ ಎರಡೇ: ಜೂನ್ ಮಧ್ಯದಿಂದ ಸೆಪ್ಟೆಂಬರ್, ನವೆಂಬರ್‌ನಿಂದ ಫೆಬ್ರವರಿ ಆರಂಭ. ನಡುವೆ ದಸರಾ ರಜೆ, ಆಮೇಲೆ ವಾರ್ಷಿಕ ಪರೀಕ್ಷೆ. ಮೊದಲ ಕಿಟಕಿಯಲ್ಲಿ ವಲಯ, ತಾಲ್ಲೂಕು ಕ್ರೀಡಾಕೂಟಗಳು ಪಿ.ಟಿ. ಶಿಕ್ಷಕರನ್ನು ಎಳೆದುಕೊಳ್ಳುತ್ತವೆ, ಆಗಸ್ಟ್–ಸೆಪ್ಟೆಂಬರ್‌ನ ಸಂಜೆ ಮಳೆಯೂ ಇದೆ. ಹಾಗಾಗಿ ಬೆಳಗಿನ ಹೊತ್ತು, ನವೆಂಬರ್ ಕಿಟಕಿ ಉತ್ತಮ. ಎಷ್ಟು ತರಗತಿಗೆ ಬಂದ ಮಗುವನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂಬುದನ್ನು, ಉದಾಹರಣೆಗೆ 36ರಲ್ಲಿ 29, ಮೊದಲೇ ಬರೆದಿಡಿ. ಅರ್ಧಕ್ಕೆ ಬಿಟ್ಟ ಮಕ್ಕಳನ್ನು ಸದ್ದಿಲ್ಲದೆ ಪಟ್ಟಿಯಿಂದ ತೆಗೆಯಬೇಡಿ. ಎಷ್ಟು ಮಂದಿ, ಏಕೆ ಬಿಟ್ಟರು ಎಂಬುದೂ ಫಲಿತಾಂಶದ ಭಾಗ.

ಹಣ ಮತ್ತು ವಿದೇಶ

ಜೆಆರ್‌ಎಫ್ ಸಿಕ್ಕರೆ 2023ರಿಂದ ಮೊದಲೆರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. ಸಂಶೋಧನಾರ್ಥಿಯೇ ವಿಕಲಚೇತನರಾಗಿದ್ದರೆ ಅವರಿಗೆಂದೇ ರಾಷ್ಟ್ರೀಯ ಫೆಲೋಶಿಪ್ ಇದೆ, ತಂದೆತಾಯಿಗೆ ಒಬ್ಬಳೇ ಮಗುವಾದ ಹೆಣ್ಣುಮಗಳಿಗೆ ಯುಜಿಸಿಯ ಸಾವಿತ್ರಿಬಾಯಿ ಫುಲೆ ಫೆಲೋಶಿಪ್ ಇದೆ.

ಅಮೆರಿಕದಲ್ಲಿ ಟೆಕ್ಸಸ್ ವುಮನ್ಸ್, ಆರೆಗಾನ್ ಸ್ಟೇಟ್, ವರ್ಜೀನಿಯಾ ವಿಶ್ವವಿದ್ಯಾಲಯಗಳು ಈ ವಿಷಯಕ್ಕೆ ಹೆಸರಾದವು. ಅಲ್ಲಿನ ವಿಶೇಷ ಶಿಕ್ಷಣ ಕಾನೂನು ವೈಕಲ್ಯ ಇರುವ ಮಗುವಿಗೆ ದೈಹಿಕ ಶಿಕ್ಷಣವನ್ನು ಹಕ್ಕಾಗಿಸಿರುವುದೇ ಇದಕ್ಕೆ ಕಾರಣ. ಒಂದು ಎಚ್ಚರಿಕೆ: ಈ ಕ್ಷೇತ್ರಕ್ಕೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ತರಬೇತಿ ಅನುದಾನಗಳು ವಿದ್ಯಾರ್ಥಿ ವೀಸಾದವರಿಗೆ ಸಿಗುವುದಿಲ್ಲ. ಪ್ರಾಧ್ಯಾಪಕರಿಗೆ ಬರೆಯುವ ಮೊದಲ ಇಮೇಲ್‌ನಲ್ಲೇ ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆಯ ಬಗ್ಗೆ ಕೇಳಿ. ಇಲ್ಲೇ ನೋಂದಣಿ ಮಾಡಿಸಿಕೊಂಡು ಫುಲ್‌ಬ್ರೈಟ್–ನೆಹರೂ ಫೆಲೋಶಿಪ್‌ನಲ್ಲಿ ಆರರಿಂದ ಒಂಬತ್ತು ತಿಂಗಳು ಹೋಗಿಬರುವುದು ಇನ್ನೊಂದು ದಾರಿ. ಮಕ್ಕಳು, ಶಾಲೆ ಎಲ್ಲ ಇಲ್ಲೇ ಇರುವವರಿಗೆ ಇದೇ ವಾಸಿ.

ಸಲ್ಲಿಕೆ

2022ರ ನಿಯಮಾವಳಿ ಪ್ರಬಂಧಕ್ಕೆ ಮುನ್ನ ಲೇಖನ ಪ್ರಕಟಿಸುವ ಕಡ್ಡಾಯವನ್ನು ಕೈಬಿಟ್ಟಿದೆ. ಆದರೂ ನಿಮ್ಮ ವಿಶ್ವವಿದ್ಯಾಲಯ ಕೇಳುತ್ತದೆಯೇ ನೋಡಿಕೊಳ್ಳಿ. ಒಪ್ಪಿತ ನಿಯತಕಾಲಿಕೆಗಳ ಯುಜಿಸಿ ಕೇರ್ ಪಟ್ಟಿ 2025ರಲ್ಲಿ ರದ್ದಾಗಿದೆ. ಅದರ ಹೆಸರು ಹೇಳಿ ದುಡ್ಡು ಕೇಳುವ, ಮೂರೇ ದಿನದಲ್ಲಿ ಪ್ರಕಟಿಸುವ ನಿಯತಕಾಲಿಕೆಗಳಿಂದ ದೂರವಿರಿ. ಅಡಾಪ್ಟೆಡ್ ಫಿಸಿಕಲ್ ಆಕ್ಟಿವಿಟಿ ಕ್ವಾರ್ಟರ್ಲಿಯ ಹಳೆಯ ಸಂಚಿಕೆಗಳನ್ನು ಓದಿ ವಿಧಾನದ ಅಧ್ಯಾಯ ಹೇಗೆ ಬರೆಯುತ್ತಾರೆಂದು ನೋಡಿ. ಕೃತಿಚೌರ್ಯ ಪತ್ತೆಹಚ್ಚುವ ಹೋಲಿಕೆ ಪರೀಕ್ಷೆಯಲ್ಲಿ ಶೇ 10ರ ಒಳಗೆ ಬರಬೇಕು. ಪ್ರಬಂಧ ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ, ವೈವಾ (ಮೌಖಿಕ ಪರೀಕ್ಷೆ) ಎಲ್ಲರಿಗೂ ತೆರೆದಿರುತ್ತದೆ. ಅಲ್ಲಿ ತಪ್ಪದೆ ಕೇಳುವ ಪ್ರಶ್ನೆಗಳು ಇವು: ಮಕ್ಕಳನ್ನು ಹೇಗೆ ಆರಿಸಿದಿರಿ, ಅಂಕ ಹಾಕಿದವರು ಯಾರು, ನಿಯಂತ್ರಣ ಗುಂಪಿಗೆ ಏನು ಕೊಟ್ಟಿರಿ.

ಪ್ರಬಂಧ ಸಲ್ಲಿಸುವ ತಿಂಗಳಲ್ಲೇ ಎರಡನೆಯ ಗುಂಪಿನ ತರಬೇತಿಯನ್ನೂ ಮುಗಿಸಿ. ಪ್ರತಿ ಪೋಷಕರಿಗೆ ಅವರ ಮಗುವಿನ ಅಂಕ, ಮನೆಯಲ್ಲಿ ಮಾಡಿಸಬಹುದಾದ ನಾಲ್ಕೈದು ಆಟ ಬರೆದ ಒಂದು ಪುಟದ ವರದಿಯನ್ನು ಅವರ ಭಾಷೆಯಲ್ಲಿ ಕೊಡಿ. ಶಾಲೆಗೆ ತರಬೇತಿಯ ಪೂರ್ತಿ ಪಾಠಯೋಜನೆಯ ಪ್ರತಿ ಮತ್ತು ನೀವು ಬಳಸಿದ ಕೋನ್, ಗೆಜ್ಜೆ ಚೆಂಡು, ಚಿತ್ರದ ಕಾರ್ಡುಗಳನ್ನು ಒಪ್ಪಿಸಿ, ಅಲ್ಲಿನ ಪಿ.ಟಿ. ಶಿಕ್ಷಕರು ಒಂದೆರಡು ತರಗತಿಗಳನ್ನು ತಾವೇ ನಡೆಸುವವರೆಗೆ ಜೊತೆಗಿರಿ.